6.02 ಸಿಜಿಪಿಎ ಇಟ್ಟುಕೊಂಡು ಎಂ.ಟೆಕ್‌ಗೆ: ನವಲಗುಂದದ ಹುಡುಗನ ಪ್ರಕರಣ

ಮೊದಲು ಮಾರ್ಕ್ಸ್ ಕಾರ್ಡ್ ನೋಡಿಬಿಡೋಣ. ಎಂಟು ಸೆಮಿಸ್ಟರಿನ ಎಸ್‌ಜಿಪಿಎ (ಒಂದೊಂದು ಸೆಮಿಸ್ಟರಿನ ಸರಾಸರಿ, ಹತ್ತಕ್ಕೆ) ಕ್ರಮವಾಗಿ 4.6, 4.9, 5.6, 5.9, 6.4, 6.7, 6.9, 7.2. ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ, ಅಂದರೆ ಸಿಜಿಪಿಎ, 6.02. ಬ್ರಾಂಚ್ ಸಿವಿಲ್, ಯುನಿವರ್ಸಿಟಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಕಾಲೇಜು ಹುಬ್ಬಳ್ಳಿಯದು. ಮೊದಲ ವರ್ಷದ ಎರಡೂ ಗಣಿತ ಪೇಪರ್ ಫೇಲಾಗಿ ಬ್ಯಾಕ್ ಉಳಿದಿದ್ದವು. ಎರಡನ್ನೂ ಎರಡನೇ ವರ್ಷ ಕ್ಲಿಯರ್ ಮಾಡಿದ್ದ, ಅದೂ ಅಂಚಿನ ಅಂಕದಲ್ಲಿ.

ಹುಡುಗ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯವನು. ಮನೆಯಲ್ಲಿ ಎರೆ ಹೊಲ. ಮುಂಗಾರಿಗೆ ಹೆಸರು, ಹತ್ತಿ, ಹಿಂಗಾರಿಗೆ ಕಡಲೆ. ಹತ್ತನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆ, ಆಮೇಲೆ ಧಾರವಾಡದಲ್ಲಿ ಪಿಯು ಸೈನ್ಸ್. ಗುರುತು ಸಿಗಬಾರದು ಅಂತ ಹೆಸರು, ಕಾಲೇಜು, ಕಂಪನಿ ಎಲ್ಲ ಬಿಟ್ಟಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. "ಬರೀರಿ ಸರ್, ಇನ್ನ ನಾಕ್ ಮಂದಿ 60.2 ಅಂತ ತುಂಬೋದು ತಪ್ಪಲಿ" ಅಂದ. ಆ 60.2ರ ಕತೆಯೇ ಈ ಪ್ರಕರಣದ ಅರ್ಧ ಭಾಗ.

ಬಿಇ ಮುಗಿದ ಮೇಲೆ ಹುಬ್ಬಳ್ಳಿಯಲ್ಲೇ ಒಂದು ಗುತ್ತಿಗೆ ಕಂಪನಿಯಲ್ಲಿ ಸೈಟ್ ಎಂಜಿನಿಯರ್ ಆಗಿ ಸೇರಿದ. ಕೆಲಸ ನೀರಿನ ಪೈಪು ಹಾಕಿಸುವುದು. ಹುಬ್ಬಳ್ಳಿ-ಧಾರವಾಡದಲ್ಲಿ 24 ಗಂಟೆ ನೀರಿನ ಯೋಜನೆ ವಿಶ್ವಬ್ಯಾಂಕ್ ನೆರವಿನಲ್ಲಿ 2008ರ ಹೊತ್ತಿಗೆ ಕೆಲವೇ ವಾರ್ಡ್‌ಗಳಲ್ಲಿ ಪ್ರಯೋಗವಾಗಿ ಶುರುವಾದದ್ದು. ಇಡೀ ಅವಳಿ ನಗರಕ್ಕೆ ಹಬ್ಬಿಸುವ ಕೆಲಸ ಆಮೇಲಿನದು. ಅದರಿಂದ ಇಲ್ಲಿ ಸಿವಿಲ್ ಓದಿದ ಹುಡುಗರಿಗೆ ಪೈಪಿನ ಕೆಲಸಕ್ಕೆ ಬರವಿಲ್ಲ. ಹಳೇ ಬಡಾವಣೆಗಳಲ್ಲಿ ನಲ್ಲಿ ನೀರು ಬರುವ ದಿನವನ್ನು ಜನ ಅಮಾವಾಸ್ಯೆ-ಹುಣ್ಣಿಮೆ ಎಣಿಸಿದ ಹಾಗೆ ಎಣಿಸುತ್ತಾರೆ. ಪಕ್ಕದ ಪ್ರಯೋಗದ ವಾರ್ಡಿನಲ್ಲಿ ದಿನವಿಡೀ ನೀರು. ಇದು ಹೇಗೆ ಸಾಧ್ಯ ಅನ್ನುವ ಪ್ರಶ್ನೆ ಅವನಿಗೆ ಗಟಾರದ ಪಕ್ಕ ನಿಂತು ಹುಟ್ಟಿತು, ಕ್ಲಾಸಿನಲ್ಲಲ್ಲ. ಎಂ.ಟೆಕ್ ಮಾಡಬೇಕು, ಅದೂ ನೀರಿನದ್ದೇ ಮಾಡಬೇಕು ಅಂತ ತಲೆಗೆ ಹೋಯಿತು.

ಕೊನೆಯ ವರ್ಷದಲ್ಲೇ ಗೇಟ್, ಅಂದರೆ ಎಂ.ಟೆಕ್ ಸೇರಲು ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ, ಬರೆದಿದ್ದ. ಸುಮ್ನೆ ಬರೆದು ನೋಡೋಣ ಅಂತ. ಕ್ವಾಲಿಫೈ ಆಗಿತ್ತು. ಗೇಟ್ ಬರೆಯಲು ಇಷ್ಟೇ ಸಿಜಿಪಿಎ ಇರಬೇಕು ಅನ್ನುವ ನಿಯಮ ಇಲ್ಲ. ಅಂಕ ಬಂದರೆ ಮೂರು ವರ್ಷ ಚಾಲ್ತಿಯಲ್ಲಿ ಇರುತ್ತದೆ. ಹಾಗಾಗಿ ಕೈಯಲ್ಲಿ ಒಂದು ಅಂಕವಿತ್ತು, ತಲೆಯಲ್ಲಿ ಒಂದು ಆಸೆ ಇತ್ತು. ಎನ್‌ಐಟಿಗಳ (ಕೇಂದ್ರದ ತಾಂತ್ರಿಕ ಸಂಸ್ಥೆಗಳು) ಎಂ.ಟೆಕ್ ಸೀಟಿಗೆ ಸಿಸಿಎಂಟಿ ಅನ್ನುವ ಒಂದೇ ಕೌನ್ಸೆಲಿಂಗ್ ಇದೆಯಲ್ಲ, ಅದಕ್ಕೆ ನೋಂದಾಯಿಸಿದ.

60.2 ಎಲ್ಲಿಂದ ಬಂತು

ಸಿಸಿಎಂಟಿಗೆ ಸಾಮಾನ್ಯ, ಒಬಿಸಿ, ಇಡಬ್ಲ್ಯುಎಸ್ ಅಭ್ಯರ್ಥಿಗಳಿಗೆ ಬಿಇಯಲ್ಲಿ 6.5 ಸಿಜಿಪಿಎ ಅಥವಾ ಶೇ 60 ಬೇಕು. ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ 6.0 ಅಥವಾ ಶೇ 55. ಇವನು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಅವನ ಜಾತಿ ಇಲ್ಲ. ಇದ್ದಿದ್ದರೂ ಈ ಗೆರೆ ಕೆಳಗೆ ಇಳಿಯುತ್ತಿರಲಿಲ್ಲ. 6.5 ಇಲ್ಲ. ಹಾಗಾದರೆ ಶೇಕಡಾ ನೋಡೋಣ ಅಂತ ರೂಮಿನ ಗೆಳೆಯ ಹೇಳಿದ. 6.02ಕ್ಕೆ ಹತ್ತರಿಂದ ಗುಣಿಸಿದರೆ 60.2. ಗೆರೆ ದಾಟಿತು!

ಅರ್ಜಿಯಲ್ಲಿ ಶೇಕಡಾ ಅನ್ನುವ ಆಯ್ಕೆ ಒತ್ತಿ 60.2 ಅಂತ ತುಂಬಿದ. ಕಂಪ್ಯೂಟರ್ ಏನೂ ಅನ್ನಲಿಲ್ಲ. ಸೀಟೂ ಹಂಚಿಕೆಯಾಯಿತು. ಮನೆಗೆ ಫೋನ್ ಹೋಯಿತು, ಊರಲ್ಲಿ ಪೇಢೆ ಹಂಚಿದರು. ದಾಖಲೆ ಪರಿಶೀಲನೆಯಲ್ಲಿ ರದ್ದಾಯಿತು.

ಯಾಕೆ ಅಂದರೆ ಸಿಜಿಪಿಎಯನ್ನು ಶೇಕಡಾಕ್ಕೆ ತರುವುದು ನಮ್ಮಿಷ್ಟದ ಲೆಕ್ಕ ಅಲ್ಲ. ಡಿಗ್ರಿ ಕೊಟ್ಟ ಯುನಿವರ್ಸಿಟಿಯ ಸೂತ್ರವೇ ನಡೆಯುವುದು. ಅವನ ಸ್ಕೀಮಿಗೆ (ಅವನು ಓದಿದ ವರ್ಷಗಳ ಪಠ್ಯಕ್ರಮಕ್ಕೆ) ವಿಟಿಯು ಸೂತ್ರ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವುದು. 6.02ರಲ್ಲಿ 0.75 ಕಳೆದರೆ 5.27. ಅಂದರೆ ಶೇ 52.7. ಶೇ 60 ಬೇಕಿದ್ದರೆ ಸಿಜಿಪಿಎ 6.75 ಇರಬೇಕಿತ್ತು. 60.2 ಎಲ್ಲಿ, 52.7 ಎಲ್ಲಿ!

"ಆರು ಅಂದ್ರ ಅರವತ್ತ ಅಲ್ಲೇನ್ರಿ?" ಅಂತ ಅವನ ಅಪ್ಪ ಕೇಳಿದರಂತೆ. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಹುಬ್ಬಳ್ಳಿಯ ಎಷ್ಟೋ ಎಂಜಿನಿಯರುಗಳು ಇವತ್ತಿಗೂ ಹಾಗೇ ಅಂದುಕೊಂಡಿದ್ದಾರೆ. ರಿಸಲ್ಟ್ ದಿನ ವಾಟ್ಸಾಪ್ ಸ್ಟೇಟಸ್ ನೋಡಿ, ಎಲ್ಲರದೂ ಹತ್ತರ ಗುಣಾಕಾರವೇ.

ಆ ವರ್ಷ ಹೋಯಿತು. ಯಾಕೆ ಪೂರ್ತಿ ಹೋಯಿತು ಅನ್ನುವುದನ್ನೂ ಹೇಳಬೇಕು. ಐಐಟಿಗಳ ಅರ್ಜಿ ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲೇ ಮುಗಿದಿರುತ್ತದೆ. ರಾಜ್ಯದ ಎಂ.ಟೆಕ್ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆಗೂ ಅವನು ಅರ್ಜಿ ಹಾಕಿರಲಿಲ್ಲ. "ನಂದು ಗೇಟ್ ಆಗೇತಲ್ಲ, ಪಿಜಿಸಿಇಟಿ ಯಾಕ?" ಅನ್ನುವ ಲೆಕ್ಕ. ಆದರೆ ಕೆಇಎ ಮೂಲಕ ಸೀಟು ಬೇಕು ಅಂದರೆ ಗೇಟ್ ಆದವರೂ ಅಲ್ಲಿ ಆನ್‌ಲೈನ್ ಅರ್ಜಿ ತುಂಬಲೇಬೇಕು. ತುಂಬಿದರೆ ಪರೀಕ್ಷೆ ಬರೆದು ಬಂದವರಿಗಿಂತ ಮೊದಲು ಗೇಟ್‌ನವರಿಗೇ ಸೀಟು. ಅರ್ಹತೆ ಶೇ 50, ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ ಶೇ 45. ಇವನ 52.7 ಅಲ್ಲಿ ನಿರಾಳವಾಗಿ ದಾಟುತ್ತಿತ್ತು. ದಾಟುವ ಕಡೆ ಅರ್ಜಿ ಹಾಕಲಿಲ್ಲ, ದಾಟದ ಕಡೆ ಹಾಕಿದ.

ಅರ್ಹತೆ ಬೇರೆ, ಆಯ್ಕೆ ಬೇರೆ

ಅವನು ನನ್ನ ಹತ್ತಿರ ಬಂದದ್ದು ಇದಾದ ಮೇಲೆ. ಬಂದವನ ಮುಖದಲ್ಲಿ ಒಂದೇ ಪ್ರಶ್ನೆ: ಇಷ್ಟು ಕಡಿಮೆ ಸಿಜಿಪಿಎಗೆ ಎಂ.ಟೆಕ್ ಸಿಗುತ್ತದೋ ಇಲ್ಲವೋ. ಈ ಪ್ರಶ್ನೆಗೆ ಹಾಗೆ ಒಂದೇ ಉತ್ತರ ಇಲ್ಲ. ಕೆಲವು ಕಡೆ ಅಂಕ ಅರ್ಹತೆಯ ಗೆರೆ. ಗೆರೆ ಕೆಳಗಿದ್ದರೆ ನಿಮ್ಮ ಅರ್ಜಿಯನ್ನು ಯಾರೂ ಓದುವುದೇ ಇಲ್ಲ. ನೀವು ಎಷ್ಟು ಚೆನ್ನಾಗಿ ಬರೆದರೂ ವ್ಯರ್ಥ. ಇನ್ನು ಕೆಲವು ಕಡೆ ಅಂಕ ಆಯ್ಕೆಯಲ್ಲಿ ಒಂದು ಭಾಗ ಮಾತ್ರ. ಅಲ್ಲಿ ಓದುವವರು ಮನುಷ್ಯರು, ಕಾರಣ ಕೇಳುತ್ತಾರೆ. ನಮ್ಮ ಹುಡುಗರು ಮೊದಲನೆಯ ಕಡೆ ಕಾರಣ ಹೇಳುತ್ತಾ ಕೂರುತ್ತಾರೆ, ಎರಡನೆಯ ಕಡೆ ನಾಚಿಕೊಂಡು ಅರ್ಜಿಯನ್ನೇ ಹಾಕುವುದಿಲ್ಲ.

ಹಾಗಾಗಿ ಮೊದಲ ಕೆಲಸ ಒಂದು ಹಾಳೆಯಲ್ಲಿ ಅವನ ಮೂರು ಸಂಖ್ಯೆ ಬರೆದದ್ದು. ಸಿಜಿಪಿಎ 6.02. ವಿಟಿಯು ಸೂತ್ರದ ಶೇಕಡಾ 52.7, ಅಂದರೆ ಎರಡನೇ ದರ್ಜೆ. ಕೊನೆಯ ನಾಲ್ಕು ಸೆಮಿಸ್ಟರಿನ ಸರಾಸರಿ 6.8. ಮೂರನೆಯದನ್ನು ಅವನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಅದೇ ಸೂತ್ರ ಹಚ್ಚಿದರೆ ಅದು ಶೇ 60.5, ಅಂದರೆ ಮೊದಲ ದರ್ಜೆ. ಒಬ್ಬನೇ ಹುಡುಗ, ಮೊದಲ ಎರಡು ವರ್ಷ ಬೇರೆ, ಕೊನೆಯ ಎರಡು ವರ್ಷ ಬೇರೆ.

ಆಮೇಲೆ ಈ ಸಂಖ್ಯೆಗಳನ್ನು ಹಿಡಿದು ಒಂದೊಂದೇ ಕಡೆ ನೋಡಿದೆವು. ಎನ್‌ಐಟಿ ಬಾಗಿಲು ಸಿಸಿಎಂಟಿ ಮೂಲಕ ಮುಚ್ಚಿದೆ, ಬಿಡಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಎರಡನೇ ದರ್ಜೆ ಸಾಕು ಅಂದಾಗ ಅವನು ನಂಬಲೇ ಇಲ್ಲ. ದೇಶದ ಅತಿ ದೊಡ್ಡ ಹೆಸರಿನ ಸಂಸ್ಥೆಯ ಅರ್ಹತೆ ಎನ್‌ಐಟಿಗಿಂತ ಕೆಳಗಿದೆ, ವಿಚಿತ್ರ ಅಲ್ವಾ? ಆದರೆ ಅಲ್ಲಿ ಗೇಟ್ ಅಂಕ ಮತ್ತು ಸಂದರ್ಶನವೇ ಜರಡಿ. ಅವನ ಅಂಕ ಅದಕ್ಕೆ ಸಾಲದು. ಐಐಟಿಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು. ಡಿಪಾರ್ಟ್‌ಮೆಂಟ್‌ವಾರು ನೋಡಬೇಕು. ಕೋರ್ಸ್‌ವರ್ಕ್ ಎಂ.ಟೆಕ್‌ಗಿಂತ ಸಂಶೋಧನೆಯ ಎಂ.ಎಸ್.ನಲ್ಲಿ ಸಂದರ್ಶನಕ್ಕೆ ತೂಕ ಜಾಸ್ತಿ. ರಾಜ್ಯದ ಸೀಟು ಕೆಇಎಯಲ್ಲಿ ತೆರೆದಿದೆ.

ವಿದೇಶದ ಮಾತು ವಿದ್ಯಾನಗರದ ಒಂದು ಕನ್ಸಲ್ಟೆನ್ಸಿ ಅವನ ತಲೆಗೆ ತುಂಬಿತ್ತು. ಜರ್ಮನಿ, ಫೀಸೇ ಇಲ್ಲ, ಗ್ಯಾರಂಟಿ ಸೀಟು. ಫೀಸಿಲ್ಲ ಅನ್ನುವುದು ಬಹುಮಟ್ಟಿಗೆ ನಿಜ. ಸರ್ಕಾರಿ ಯುನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ಗ್ಯಾರಂಟಿ ಅನ್ನುವುದು ಸುಳ್ಳು. ಅವರು ನಮ್ಮ ಅಂಕವನ್ನು ಬವೇರಿಯನ್ ಸೂತ್ರದಲ್ಲಿ ತಮ್ಮ ಅಳತೆಗೆ ತರುತ್ತಾರೆ. ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಗರಿಷ್ಠ ಮತ್ತು ಪಾಸಿನ ಅಂಕದ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸುವುದು. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ಪಾಸು 4 ಅಂತ ಹಿಡಿದರೆ ಇವನ 6.02 ಅಲ್ಲಿ 2.99 ಆಗುತ್ತದೆ. ಎಷ್ಟೋ ಕೋರ್ಸುಗಳು 2.5ಕ್ಕೇ ಗೆರೆ ಹಾಕುತ್ತವೆ. ಅದಕ್ಕೆ 7 ಸಿಜಿಪಿಎ ಬೇಕು. ಮೇಲೆ 2022ರ ನವೆಂಬರ್‌ನಿಂದ ಭಾರತೀಯರಿಗೆ ಎಪಿಎಸ್ ಸರ್ಟಿಫಿಕೇಟ್ (ನಮ್ಮ ಅಂಕಪಟ್ಟಿ ಅಸಲಿ ಅನ್ನುವ ದೃಢೀಕರಣ) ಕಡ್ಡಾಯ, ಅದರ ಶುಲ್ಕ 18,000 ರೂಪಾಯಿ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬರುವ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು. ಹತ್ತು ಲಕ್ಷ ರೂಪಾಯಿ ದಾಟಿತು. ನವಲಗುಂದದ ಎರೆ ಹೊಲದ ಮೇಲೆ ಎಷ್ಟು ಸಾಲ ಹುಟ್ಟುತ್ತದೆ ಅಂತ ಅಪ್ಪ ಆಗಲೇ ಸೊಸೈಟಿಯಲ್ಲಿ ವಿಚಾರಿಸಿ ಬಂದಿದ್ದರು. ಲೆಕ್ಕ ತೋರಿಸಿದ ಮೇಲೆ ಆ ಮಾತು ನಿಂತಿತು.

ಅಮೆರಿಕದ್ದೂ ಒಂದು ಮಾತು. ಅಲ್ಲಿ ಬಹಳ ಕಡೆ ನಾಲ್ಕಕ್ಕೆ 3.0 ಗೆರೆ. ಆದರೆ ಕೆಲವು ಯುನಿವರ್ಸಿಟಿಗಳು ಕೊನೆಯ 60 ಕ್ರೆಡಿಟ್ ಮಾತ್ರ ನೋಡುತ್ತವೆ, ಕೆಲವು ಷರತ್ತಿನ ಮೇಲೆ ಪ್ರವೇಶ ಕೊಡುತ್ತವೆ. ಏರುತ್ತಾ ಹೋದ ಅಂಕದವರಿಗೆ ಅದು ಅನುಕೂಲ. ಇವನಿಗೆ ಹಣದ ದಾರಿ ಇರಲಿಲ್ಲ, ಹಾಗಾಗಿ ಅದನ್ನು ಮುಂದುವರಿಸಲಿಲ್ಲ.

ರಾತ್ರಿ ಎರಡು ಗಂಟೆಯ ಲೆಕ್ಕ

ಕೈಯಲ್ಲಿ ಒಂದು ವರ್ಷ ಇತ್ತು. ಕಳೆದುಹೋದ ಅಂಕ ತಿರುಗಿ ಬರುವುದಿಲ್ಲ, ಹೊಸದಾಗಿ ತೋರಿಸಲು ಏನಾದರೂ ಬೇಕು. ಅವನ ಅರ್ಜಿಯ ದುರ್ಬಲ ಜಾಗ ಗಣಿತ. ಓದುವವರಿಗೆ ಬರುವ ಮೊದಲ ಅನುಮಾನವೂ ಅದೇ: ಎರಡು ಸಲ ಗಣಿತದಲ್ಲಿ ಫೇಲಾದವನು ಹೈಡ್ರಾಲಿಕ್ಸ್‌ನ ಸಮೀಕರಣ ಬಿಡಿಸುತ್ತಾನಾ? ಇದಕ್ಕೆ ಮಾತಿನ ಉತ್ತರ ಆಗುವುದಿಲ್ಲ.

ಐಐಟಿಗಳ ಆನ್‌ಲೈನ್ ಪಾಠದ ವೇದಿಕೆ ಎನ್‌ಪಿಟಿಇಎಲ್‌ನಲ್ಲಿ 12 ವಾರದ ನ್ಯೂಮರಿಕಲ್ ಮೆಥಡ್ಸ್ (ಸಮೀಕರಣವನ್ನು ಹಂತಹಂತದ ಅಂದಾಜಿನಿಂದ ಬಿಡಿಸುವ ಗಣಿತ) ಕೋರ್ಸಿಗೆ ಸೇರಿದ. ಪಾಠ ಪುಕ್ಕಟೆ, ಪರೀಕ್ಷೆಗೆ 1,000 ರೂಪಾಯಿ. ಅಸೈನ್‌ಮೆಂಟಿಗೆ ಶೇ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ 75. ನಾನು ಈ ಸರ್ಟಿಫಿಕೇಟ್‌ಗಳನ್ನು ಅಷ್ಟಾಗಿ ನಂಬುವವನಲ್ಲ. ಹತ್ತು ಹದಿನೈದು ಸೇರಿಸಿ ರೆಸ್ಯೂಮೆ ತುಂಬುವವರನ್ನು ನೋಡಿದ್ದೇನೆ. ಆದರೆ ಬ್ಯಾಕ್ ಉಳಿದ ವಿಷಯದಲ್ಲೇ, ಮೇಲ್ವಿಚಾರಣೆಯ ಪರೀಕ್ಷೆಯಲ್ಲಿ ಬಂದ ಒಳ್ಳೆಯ ಅಂಕಕ್ಕೆ ಬೆಲೆ ಬೇರೆ. ಇವನಿಗೆ 81 ಬಂತು. ಗೇಟ್ ಸಿವಿಲ್ ಪೇಪರಿನಲ್ಲೂ ಗಣಿತಕ್ಕೆ ಸುಮಾರು 13 ಅಂಕ ಇದೆ. ಒಂದೇ ಓದು ಎರಡೂ ಕಡೆ ಬಂತು.

ಇನ್ನೊಂದು ಅವನ ಕೆಲಸದಿಂದಲೇ ಸಿಕ್ಕಿತು. ನಿರಂತರ ನೀರಿನ ವ್ಯವಸ್ಥೆಯಲ್ಲಿ ಊರನ್ನು ಸಣ್ಣ ಸಣ್ಣ ಮೀಟರ್ ವಲಯಗಳಾಗಿ ಒಡೆಯುತ್ತಾರೆ. ಒಂದೊಂದು ವಲಯಕ್ಕೆ ಒಳಬರುವ ನೀರಿಗೆ ಒಂದು ಮೀಟರ್. ರಾತ್ರಿ ಎರಡರಿಂದ ನಾಲ್ಕರವರೆಗೆ ಯಾರೂ ನಲ್ಲಿ ತೆಗೆಯುವುದಿಲ್ಲ. ಆದರೂ ಮೀಟರ್ ತಿರುಗುತ್ತಿದ್ದರೆ ಆ ನೀರಿನ ಬಹುಪಾಲು ಸೋರಿಕೆ. ಇವನ ಪಾಳಿ ಎಷ್ಟೋ ಸಲ ಆ ಹೊತ್ತಿಗೇ ಇರುತ್ತಿತ್ತು. ಮೀಟರ್ ಚೇಂಬರಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ರೀಡಿಂಗ್ ಬರೆಯುವುದು, ಬೆಳಿಗ್ಗೆ ಆಫೀಸಿಗೆ ಕೊಡುವುದು. ಅಷ್ಟೇ ಕೆಲಸ. ಆ ರೀಡಿಂಗ್ ಯಾಕೆ ಅಂತ ಕೇಳುವವರು ಕಡಿಮೆ.

ಅವನು ಕೇಳಿದ. ಇಪ್ಯಾನೆಟ್ ಅನ್ನುವ ಸಾಫ್ಟ್‌ವೇರ್ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಬಿಡುಗಡೆ ಮಾಡಿದ್ದು, ಪೂರ್ತಿ ಉಚಿತ. ಪೈಪಿನ ಉದ್ದ, ವ್ಯಾಸ, ಜಾಗದ ಎತ್ತರ, ಬೇಡಿಕೆ ಕೊಟ್ಟರೆ ಯಾವ ಮೂಲೆಯಲ್ಲಿ ಎಷ್ಟು ಒತ್ತಡ ಅಂತ ಹೇಳುತ್ತದೆ. ಮೇಲಿನವರ ಅನುಮತಿ ಪಡೆದು, ಬಡಾವಣೆಯ ಹೆಸರು ತೆಗೆದು, ಒಂದು ವಲಯವನ್ನು ಅದರಲ್ಲಿ ಕಟ್ಟಿದ. ಹೊಸ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿಗೆ ಹೇಜನ್-ವಿಲಿಯಮ್ಸ್ ಸೂತ್ರದ ಸಿ ಬೆಲೆ (ಪೈಪಿನ ಒಳಮೈ ಎಷ್ಟು ನುಣುಪು ಅನ್ನುವ ಅಳತೆ) 140 ಅಂತ ಪುಸ್ತಕದಲ್ಲಿರುವುದನ್ನು ಹಾಕಿದ. ತಲಾ ದಿನಕ್ಕೆ 135 ಲೀಟರ್ ಬೇಡಿಕೆ ಇಟ್ಟ. ಮಾದರಿ ಹೇಳಿದ ಒತ್ತಡವೂ ಸೈಟಿನಲ್ಲಿ ಗೇಜ್ ತೋರಿಸಿದ ಒತ್ತಡವೂ ಒಂದು ದಿಬ್ಬದ ಬೀದಿಯಲ್ಲಿ ಹೊಂದಲೇ ಇಲ್ಲ. ಅಲ್ಲಿ ನಿಜವಾದ ಒತ್ತಡ ಕಡಿಮೆ. ರಾತ್ರಿಯ ಹರಿವನ್ನು ಸೋರಿಕೆ ಅಂತ ಆ ಭಾಗಕ್ಕೆ ಸೇರಿಸಿದಾಗ ಅಂತರ ಸಾಕಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದು ಯಾಕೆ ಅಂತ ಅವನಿಗೆ ಗೊತ್ತಾಗಲಿಲ್ಲ. ಹಾಗೇ ಬರೆದ. ಆರು ಪುಟದ ವರದಿ, ಎರಡು ನಕ್ಷೆ. ಅರ್ಜಿಯಲ್ಲಿ ಅತ್ಯಂತ ಗಟ್ಟಿ ಭಾಗ ಇದೇ ಅಂತ ನನ್ನ ಅಭಿಪ್ರಾಯ, ಅದರಲ್ಲೂ ಆ ಗೊತ್ತಾಗದ್ದನ್ನು ಬರೆದ ಸಾಲು.

ಕಾರಣ ಹೇಳುವ ಪ್ಯಾರಾ

ಯಾಕೆ ಓದಬೇಕು ಅಂತ ಬರೆದು ಅರ್ಜಿಯ ಜೊತೆ ಇಡುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನ ಮೊದಲ ಕರಡು ಇಂಗ್ಲಿಷಿನಲ್ಲಿ ಎರಡು ಪುಟ ಇತ್ತು. ಶುರುವಾಗುವುದೇ ಬಾಲ್ಯದಿಂದ ನೀರಿನ ಬಗ್ಗೆ ಇದ್ದ ಅಪಾರ ಆಸಕ್ತಿಯಿಂದ. ಎರಡನೇ ಪ್ಯಾರಾ ಮಹದಾಯಿ. ನವಲಗುಂದದ ಹುಡುಗ ನೀರಿನ ಬಗ್ಗೆ ಬರೆದರೆ ಮಹದಾಯಿ ಬರಲೇಬೇಕು, ಅದು ಸಹಜ. 1980ರ ನರಗುಂದ-ನವಲಗುಂದ ರೈತ ಹೋರಾಟ, ಕಳಸಾ-ಬಂಡೂರಿ, 2018ರ ತೀರ್ಪಿನ 13.42 ಟಿಎಂಸಿ, ಎಲ್ಲ ಇತ್ತು. ಓದಲು ಚೆನ್ನಾಗಿತ್ತು. ಆದರೆ ಅದು ನದಿ ನೀರಿನ ಹಂಚಿಕೆ ವಿಷಯ, ಇವನು ಕೇಳುತ್ತಿರುವುದು ನಗರದ ಪೈಪಿನ ಜಾಲ. ಸಂದರ್ಶನದಲ್ಲಿ ಮಹದಾಯಿ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಮೂರನೆಯದಕ್ಕೆ ಸಿಕ್ಕಿಬೀಳುತ್ತಿದ್ದ. ತೆಗೆಸಿದೆ. ಅವನಿಗೆ ಬೇಜಾರಾಯಿತು.

ಅಂಕದ ಬಗ್ಗೆ ಅರ್ಧ ಪುಟ ಇತ್ತು. ಕನ್ನಡ ಮಾಧ್ಯಮ, ಬಡತನ, ಹಾಸ್ಟೆಲ್ ಸಿಗದೆ ದಿನಾ ಬಸ್ಸಿನಲ್ಲಿ ಓಡಾಟ, ಕಾಲೇಜಿನ ಪಾಠ ಸರಿಯಿಲ್ಲ, ಅಜ್ಜನ ಕಾಯಿಲೆ. ಎಲ್ಲವೂ ನಿಜ. ಆದರೆ ಐದು ಕಾರಣ ಒಟ್ಟಿಗೆ ಇಟ್ಟರೆ ಓದುವವನು ಒಂದನ್ನೂ ನಂಬುವುದಿಲ್ಲ. ಕೊನೆಗೆ ಉಳಿದದ್ದು ಇಷ್ಟು, ಕನ್ನಡದಲ್ಲಿ ಕೊಡುತ್ತಿದ್ದೇನೆ:

"ಮೊದಲ ವರ್ಷ ಎರಡು ಗಣಿತ ಪೇಪರಿನಲ್ಲಿ ಫೇಲಾದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೆ, ಇಂಗ್ಲಿಷ್ ಪಠ್ಯಕ್ಕೆ ಹೊಂದಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಕೊನೆಯ ನಾಲ್ಕು ಸೆಮಿಸ್ಟರಿನ ಸರಾಸರಿ 6.8. ಡಿಗ್ರಿ ನಂತರ ನ್ಯೂಮರಿಕಲ್ ಮೆಥಡ್ಸ್ ಕೋರ್ಸ್ ಮುಗಿಸಿ 81 ಪಡೆದೆ. ಅದರ ಉಪಯೋಗ ಜೊತೆಗಿರುವ ವರದಿಯಲ್ಲಿದೆ."

ಅಷ್ಟೇ. ಉಳಿದದ್ದೆಲ್ಲ ದಿಬ್ಬದ ಬೀದಿಯ ಬಗ್ಗೆ.

ಶಿಫಾರಸು ಪತ್ರದಲ್ಲೂ ಒಂದು ಜಗ್ಗಾಟ ನಡೆಯಿತು. ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಪತ್ರವೇ ಬೇಕು, ಹುದ್ದೆ ದೊಡ್ಡದು ಅಂತ ಅವನ ವಾದ. ಎಚ್‌ಒಡಿಗೆ ಇವನ ಮುಖ ನೆನಪಿರಲಿಲ್ಲ, "ನೀನೇ ಬರಕೊಂಡ್ ಬಾ, ಸಹಿ ಮಾಡ್ತೀನಿ" ಅಂದಿದ್ದರು. ನಮ್ಮ ಕಡೆ ಇದು ಮಾಮೂಲು. ಓದುವ ಪ್ರೊಫೆಸರುಗಳಿಗೂ ಅಂಥ ಪತ್ರ ಮೊದಲ ಸಾಲಿಗೇ ಗೊತ್ತಾಗುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟ್ ಗೈಡ್ ಸಣ್ಣ ವಯಸ್ಸಿನ ಉಪನ್ಯಾಸಕಿ. ಅವರು ತಾವೇ ಬರೆದರು. ಮೊದಲ ವರ್ಷ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದವನು ಕೊನೆಯ ವರ್ಷ ಲ್ಯಾಬಿನ ಕೆಟ್ಟ ಪಂಪ್ ಬಿಚ್ಚಿ ಸರಿ ಮಾಡಿದ್ದನ್ನು ಬರೆದರು. ಇನ್ನೊಂದು ಪತ್ರ ಸೈಟಿನ ಮೇಲಧಿಕಾರಿಯದು.

ಏನಾಯಿತು

ಎರಡನೇ ಗೇಟ್ ಹುಬ್ಬಳ್ಳಿ ಕೇಂದ್ರದಲ್ಲೇ ಬರೆದ. ಅಂಕ ಮೊದಲಿಗಿಂತ ಚೆನ್ನಾಗಿ ಬಂತು, ಐಐಎಸ್‌ಸಿಗೆ ಸಾಲುವಷ್ಟಲ್ಲ. ಸಂಖ್ಯೆ ಉತ್ತರದ ಪ್ರಶ್ನೆಗಳಿಗೆ ನೆಗೆಟಿವ್ ಅಂಕ ಇಲ್ಲ ಅಂತ ಈ ಸಲ ಒಂದನ್ನೂ ಖಾಲಿ ಬಿಡಲಿಲ್ಲ.

ಒಂದು ಐಐಟಿಯ ಸಂಶೋಧನಾ ಎಂ.ಎಸ್.ಗೆ ಸಂದರ್ಶನ ಬಂತು. ಮೊದಲ ವರ್ಷದ ಗಣಿತದ ಬಗ್ಗೆ ಒಂದೇ ಪ್ರಶ್ನೆ ಬಂತಂತೆ, ಕಾರಣ ಕೇಳಿದ ಪ್ರಶ್ನೆಯಲ್ಲ: ಬೋರ್ಡಿಗೆ ಕರೆದು, ಸಮೀಕರಣ ಬಿಡಿಸುವ ನ್ಯೂಟನ್-ರಾಫ್ಸನ್ ವಿಧಾನ ಬರೆಯಲು ಹೇಳಿದರು. ಬರೆದ. ಆಮೇಲೆ ಇಪ್ಯಾನೆಟ್ ಒಳಗೆ ಅದು ಎಲ್ಲಿ ಬರುತ್ತದೆ ಅಂತ ಕೇಳಿದರು. ಅಲ್ಲಿ ತಡವರಿಸಿದ. ಸಾಫ್ಟ್‌ವೇರ್ ಓಡಿಸಲು ಬರುತ್ತಿತ್ತು, ಅದರ ಹೊಟ್ಟೆಯೊಳಗಿನ ಲೆಕ್ಕ ಓದಿರಲಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬಂತು, ಅಲ್ಲೇ ನಿಂತಿತು. ಸಿಜಿಪಿಎಯಿಂದ ಹೋದ ಸೀಟಲ್ಲ ಅದು, ಉತ್ತರದಿಂದ ಹೋದದ್ದು. ಅವನಿಗೆ ಇದು ಸಮಾಧಾನ ಕೊಟ್ಟಿತು ಅನ್ನುವುದು ನನಗೆ ಆಶ್ಚರ್ಯ.

ಕೆಇಎಯಲ್ಲಿ ಈ ಸಲ ಸಮಯಕ್ಕೆ ಅರ್ಜಿ ಹಾಕಿದ್ದ. ಗೇಟ್ ಆಧಾರದ ಮೇಲೆ ರಾಜ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪರಿಸರ ಎಂಜಿನಿಯರಿಂಗ್ ಎಂ.ಟೆಕ್ ಸಿಕ್ಕಿತು. ಗೇಟ್ ಚಾಲ್ತಿಯಲ್ಲಿದ್ದು, ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಒಪ್ಪಿದ ಸೀಟಿಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಕಾಲೇಜು ಪ್ರತಿ ತಿಂಗಳು ಪೋರ್ಟಲ್‌ನಲ್ಲಿ ದೃಢಪಡಿಸಬೇಕು. ಹೊಲದ ಮೇಲೆ ಸಾಲ ಬೇಕಾಗಲಿಲ್ಲ. "ಓದಾಕ್ ರೊಕ್ಕಾ ಕೊಡ್ತಾರಂತ" ಅಂತ ಊರಲ್ಲಿ ಅಪ್ಪ ಹೇಳಿದರೆ ಯಾರೂ ನಂಬುತ್ತಿಲ್ಲವಂತೆ.

ಮೊದಲ ಸೆಮಿಸ್ಟರಿನಲ್ಲಿ 7.9 ಬಂದಿದೆ. ಪಿಎಚ್‌ಡಿಗೆ ಹಾಕುವ ಯೋಚನೆ ಇದೆ, ಅಲ್ಲಿಯೂ ಬಿಇ ಅಂಕ ಕೇಳುವ ಸಂಸ್ಥೆಗಳಿವೆ. ಯಾವ ಸಂಸ್ಥೆ ಬಿಇ ಅಂಕಕ್ಕೆ ಗೆರೆ ಹಾಕುತ್ತದೆ, ಯಾವುದು ಎಂ.ಟೆಕ್ ಅಂಕ ಮಾತ್ರ ನೋಡುತ್ತದೆ ಅಂತ ಈಗಲೇ ಪಟ್ಟಿ ಮಾಡಲು ಕೂತಿದ್ದಾನೆ. ಇಪ್ಯಾನೆಟ್‌ನ ಕೈಪಿಡಿಯನ್ನೂ ಈ ಸಲ ಪೂರ್ತಿ ಓದುತ್ತಿದ್ದಾನೆ.